ಹಳೆಯ ಗಣಕವೂ ಅಟ್ಟದ ಮೇಲಿನ ಕಟ್ಟುಗಳೂ

2025ನೆಯ ವರ್ಷದ ಉತ್ತರಾರ್ಧದಲ್ಲಿ ನಿಮ್ಮಲ್ಲಿ ಹಲವರ ಮನೆಯ ಗಣಕಯಂತ್ರದ ಪರದೆಯ ಮೇಲೆ ಒಂದು ಸೂಚನೆ ಕಾಣಿಸಿಕೊಂಡಿರಬಹುದು. ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಉಚಿತ ಸುರಕ್ಷಾ ಸೇವೆಯು ಅಕ್ಟೋಬರ್ 14, 2025ಕ್ಕೆ ಮುಗಿಯುತ್ತದೆ ಎಂಬುದೇ ಅದರ ತಾತ್ಪರ್ಯ. ನನ್ನ ಗಣಕಕ್ಕೆ ಬಂದ ಸೂಚನೆಯಲ್ಲಿ ಇನ್ನೊಂದು ಸಾಲು ಹೆಚ್ಚಾಗಿತ್ತು. ಹೊಸ ವ್ಯವಸ್ಥೆಯಾದ ವಿಂಡೋಸ್ 11ಕ್ಕೆ ಬೇಕಾದ ಅರ್ಹತೆ ಈ ಯಂತ್ರಕ್ಕೆ ಇಲ್ಲವೆಂದು ಅದು ತಿಳಿಸಿತ್ತು. ನಿವೃತ್ತ ಮೇಷ್ಟರಿಗೆ ಅನರ್ಹತೆಯ ಮಾತು ಹೊಸದೇನಲ್ಲ. ಮಂಡಿ ನೋವಿನ ವೈದ್ಯರಿಂದ ಹಿಡಿದು ಬ್ಯಾಂಕಿನ ಸಾಲದ ವಿಭಾಗದವರೆಗೆ ಎಲ್ಲರೂ ಅದನ್ನು ಮೃದುವಾಗಿ ಹೇಳಿಯೇ ಇದ್ದಾರೆ. ಆದರೂ ದಿನವೂ ನನ್ನ ಬೆರಳಿಗೆ ಸಿಕ್ಕುತ್ತಿದ್ದ, ಒಂದು ದಿನವೂ ಕೈಕೊಡದ ಯಂತ್ರದ ಬಾಯಿಂದಲೇ ಆ ಮಾತನ್ನು ಕೇಳಿದಾಗ ಮನಸ್ಸಿಗೆ ಕಸಿವಿಸಿಯಾಯಿತು.

ನಾನು ದೊಡ್ಡಬಳ್ಳಾಪುರದವನು. ಕನ್ನಡ ಪಾಠ ಹೇಳಿ 2016ರಲ್ಲಿ ನಿವೃತ್ತನಾದೆ. ಆಗ ಕೈಗೆ ಬಂದ ಹಣದಲ್ಲಿ ನಮ್ಮ ಮನೆಗೆ ಬಂದ ಎರಡು ವಸ್ತುಗಳೆಂದರೆ ಒಂದು ತಿಜೋರಿ ಮತ್ತು ಈ ಗಣಕ. ಗಣಕವನ್ನು ನನಗಿಂತ ಹೆಚ್ಚಾಗಿ ಬಳಸಿದವಳು ನನ್ನ ಪತ್ನಿ. ಅವಳು ಸರಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದಳು. ಮೊದಲು ಬೆರಳಚ್ಚು ಯಂತ್ರದಲ್ಲಿ, ಆಮೇಲೆ ನುಡಿ ತಂತ್ರಾಂಶದಲ್ಲಿ, ದಿನಕ್ಕೆ ಎಷ್ಟೋ ಪುಟಗಳನ್ನು ಬೆರಳಚ್ಚು ಮಾಡಿದವಳು. ಮನೆಗೆ ಗಣಕ ಬಂದ ವಾರದಲ್ಲಿಯೇ, "ಏನ್ರೀ, ಕಚೇರಿಯ ಕಾಗದ ಹೊಡೆದದ್ದು ಸಾಕಾಯಿತು, ಇನ್ನು ನಮ್ಮಪ್ಪನ ಕಥೆ ಬರೆಯುತ್ತೇನೆ" ಎಂದಳು. ಸಂಜೆಯ ಜಪಸರ ಮುಗಿದು ಊಟದ ಹೊತ್ತಾಗುವವರೆಗೂ ಆ ಮೂಲೆಯಲ್ಲಿ ಟಕಟಕ ಸದ್ದು ಕೇಳುತ್ತಿತ್ತು. 2021ರವರೆಗೆ ಬರೆದಳು. 2022ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆ ಕಡತಗಳನ್ನು ನಾನು ಮೂರು ವರ್ಷಗಳವರೆಗೆ ತೆರೆಯಲಿಲ್ಲ. ಅವು ಅಲ್ಲಿವೆ ಎಂಬ ತಿಳಿವಳಿಕೆಯೇ ನನಗೆ ಸಾಕಾಗಿತ್ತು.

ಆದುದರಿಂದ ಗಣಕವನ್ನು ಬದಲಿಸಬೇಕೇ ಬೇಡವೇ ಎಂಬುದು ನನ್ನ ಪಾಲಿಗೆ ಬರಿಯ ಯಂತ್ರದ ವಿಚಾರವಾಗಿರಲಿಲ್ಲವೆಂಬುದನ್ನು ನೀವು ಊಹಿಸಬಲ್ಲಿರಿ.

ಗಣಕ ದುರಸ್ತಿಯ ಅಂಗಡಿಯಿಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಮನೆಗೆ ಕರೆಸಿದೆ. ಅವನು ಯಂತ್ರದ ಹೊಟ್ಟೆಯನ್ನು ಬಿಚ್ಚಿ ಧೂಳು ಊದಿ, ತಾಳ್ಮೆಯಿಂದ ವಿವರಿಸಿದ. ಹೊಸ ವ್ಯವಸ್ಥೆಯು ಗುಪ್ತ ಕೀಲಿಗಳನ್ನು ಕಾಪಾಡುವ ಒಂದು ವಿಶೇಷ ಏರ್ಪಾಡನ್ನು ಬಯಸುತ್ತದೆಯಂತೆ. ಅದರ ಜೊತೆಗೆ ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು. ಇಂಟೆಲ್ ಕಂಪನಿಯದಾದರೆ ಬಹುಮಟ್ಟಿಗೆ 2017ರಲ್ಲಿ ಬಂದ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನದು. ನನ್ನದು ಆರನೆಯ ಪೀಳಿಗೆ. "ಮೇಷ್ಟ್ರೇ, ಇದಕ್ಕೇನೂ ರೋಗವಿಲ್ಲ. ಜನ್ಮಪತ್ರಿಕೆ ಮಾತ್ರ ಹೊಂದುತ್ತಿಲ್ಲ" ಎಂದು ನಕ್ಕ.

ದಾರಿಗಳು ಹಲವಿದ್ದವು. ಏನೂ ಮಾಡದೆ ಇದ್ದಂತೆಯೇ ಬಿಡುವುದು ಒಂದು. ಮನೆ ಬಳಕೆಯ ಯಂತ್ರಗಳಿಗೆ ಅಕ್ಟೋಬರ್ 13, 2026ರವರೆಗೆ ಇನ್ನೊಂದು ವರ್ಷದ ಸುರಕ್ಷಾ ಸೇವೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಅವರಲ್ಲಿ ಒಂದು ಖಾತೆ ತೆರೆದು, ಯಂತ್ರದ ಸೆಟ್ಟಿಂಗುಗಳನ್ನು ಅದರಲ್ಲಿ ಉಳಿಸಲು ಒಪ್ಪಿದರೆ ಹಣವನ್ನೂ ಕೊಡಬೇಕಾಗಿರಲಿಲ್ಲ. ಅರ್ಹತೆಯ ಪರೀಕ್ಷೆಯನ್ನು ಕಣ್ತಪ್ಪಿಸಿ ಹೊಸದನ್ನು ತುರುಕುವ ಉಪಾಯವೂ ಇದೆಯೆಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ಪರೀಕ್ಷಾ ಮೇಲ್ವಿಚಾರಕನಾಗಿ ಮೂವತ್ತು ವರ್ಷ ನಿಂತವನಿಗೆ ಆ ಉಪಾಯ ಹಿಡಿಸಲಿಲ್ಲ. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದಿತ್ತು. ಇಲ್ಲವೇ ಹೊಸ ಗಣಕವನ್ನೇ ಕೊಳ್ಳಬಹುದಿತ್ತು.

ನನ್ನ ಮೊದಲ ಒಲವು ಏನೂ ಮಾಡದಿರುವ ಕಡೆಗೇ ಇತ್ತು. ನಮ್ಮ ವಯಸ್ಸಿನವರಿಗೆ ಇದು ಸಹಜ. ವಿಂಡೋಸ್ ಎಕ್ಸ್‌ಪಿ ನಿಂತದ್ದು ಏಪ್ರಿಲ್ 8, 2014ರಂದು, ವಿಂಡೋಸ್ 7 ನಿಂತದ್ದು ಜನವರಿ 14, 2020ರಂದು. ಎರಡು ಸಲವೂ ಪತ್ರಿಕೆಗಳು ಎಚ್ಚರಿಸಿದವು, ಎರಡು ಸಲವೂ ನನಗೆ ಗೊತ್ತಿದ್ದ ಕಚೇರಿಗಳಲ್ಲಿ ಹಳೆಯ ಯಂತ್ರಗಳು ಏನೂ ಆಗದವರಂತೆ ಓಡುತ್ತಲೇ ಇದ್ದವು. ಅವಧಿ ಮುಗಿದ ಮರುದಿನ ಯಂತ್ರವೇನೂ ಸಾಯುವುದಿಲ್ಲ. ಅದರ ಗೋಡೆಯಲ್ಲಿ ಹೊಸದಾಗಿ ಬಿರುಕು ಕಂಡರೆ ಮುಚ್ಚಲು ಮೇಸ್ತ್ರಿ ಬರುವುದಿಲ್ಲ, ಅಷ್ಟೇ. ಬಿರುಕು ನಮ್ಮ ಕಣ್ಣಿಗೆ ಕಾಣದ ಕಾರಣ ಗೋಡೆ ಗಟ್ಟಿಯಾಗಿದೆಯೆಂದೇ ಭಾವಿಸುತ್ತೇವೆ.

2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಜಗತ್ತಿನಾದ್ಯಂತ ಲಕ್ಷಾಂತರ ಗಣಕಗಳ ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿದ್ದು ನಿಮ್ಮ ನೆನಪಿನಲ್ಲಿರಬಹುದು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿಗಳನ್ನೂ ಶಸ್ತ್ರಚಿಕಿತ್ಸೆಗಳನ್ನೂ ಮುಂದೂಡಬೇಕಾಯಿತು. ನನ್ನನ್ನು ಯೋಚನೆಗೆ ಹಚ್ಚಿದ್ದು ಆ ದಾಳಿಗಿಂತ ಅದರ ಹಿಂದಿನ ಒಂದು ಸಂಗತಿ. ಅದು ಬಳಸಿಕೊಂಡ ಬಿರುಕಿಗೆ ಮಾರ್ಚ್ ತಿಂಗಳಲ್ಲಿಯೇ ತೇಪೆ ಸಿದ್ಧವಾಗಿತ್ತು. ಎರಡು ತಿಂಗಳ ಕಾಲ 'ನಾಳೆ ನೋಡೋಣ' ಎಂದು ಮುಂದೂಡಿದವರ ಯಂತ್ರಗಳೇ ಹೆಚ್ಚಾಗಿ ಸಿಕ್ಕಿಬಿದ್ದವು. ನಾನು ಇದೇ ಗಣಕದಲ್ಲಿ ಪಿಂಚಣಿಯ ಖಾತೆಯನ್ನು ನೋಡುತ್ತೇನೆ, ವಿದ್ಯುತ್ ಬಿಲ್ಲು ಕಟ್ಟುತ್ತೇನೆ. ಅಂತಹ ಯಂತ್ರವನ್ನು ಮೇಸ್ತ್ರಿಯಿಲ್ಲದೆ ಅಂತರ್ಜಾಲದ ಬೀದಿಗೆ ತೆರೆದಿಡುವುದು ವಿವೇಕವಲ್ಲವೆಂಬುದನ್ನು ಒಪ್ಪಲೇಬೇಕಾಯಿತು.

ಒಪ್ಪಿದ ಮಾತ್ರಕ್ಕೆ ಅಸಮಾಧಾನ ಹೋಯಿತೆಂದು ಅರ್ಥವಲ್ಲ. ಚೆನ್ನಾಗಿ ದುಡಿಯುವ ಯಂತ್ರವನ್ನು ಪಟ್ಟಿಯೊಂದರ ಬಲದಿಂದ ಮೂಲೆಗೆ ತಳ್ಳುವುದು ನನಗೆ ಇಂದಿಗೂ ಸರಿಯೆನಿಸುವುದಿಲ್ಲ. ಬಡ ಶಾಲೆಗಳು ದಾನವಾಗಿ ಪಡೆದ ಗಣಕಗಳ ಗತಿಯೇನು? ಅವೆಲ್ಲ ಗುಜರಿಗೆ ಹೋದರೆ ಆ ಸೀಸವೂ ಪ್ಲಾಸ್ಟಿಕ್ಕೂ ಯಾರ ಊರಿನ ಹೊಲದ ಅಂಚಿನಲ್ಲಿ ಬೀಳುತ್ತವೆ? ಎಲ್ಲವೂ ಬದಲಾಗುವ ಕಾಲವಿದು. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೆಸರನ್ನೇ ಬೆಂಗಳೂರು ಉತ್ತರ ಎಂದು ಬದಲಿಸಲು 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸೇರಿದ ಸಚಿವ ಸಂಪುಟವು ತೀರ್ಮಾನಿಸಿತು. ಹೆಸರು ಬದಲಾದರೂ ದೊಡ್ಡಬಳ್ಳಾಪುರ ಇದ್ದಲ್ಲಿಯೇ ಇದೆ, ನಾವೂ ಇದ್ದಲ್ಲಿಯೇ ಇದ್ದೇವೆ. ಗಣಕದ ವಿಷಯದಲ್ಲಿಯೂ ಹಾಗೆಯೇ ಇರಬಹುದೆಂದು ನಾನು ಎಣಿಸಿದ್ದೆ.

ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆ ಒಂದೇ: "ಒಳಗೆ ಎಷ್ಟು ಜಿಬಿ ಇದೆ?" ನಾನು ಹೇಳಿದೆ. "ಅಷ್ಟೇನಾ? ಪೆನ್‌ಡ್ರೈವಿಗೆ ಹತ್ತು ನಿಮಿಷದಲ್ಲಿ ನಕಲು ಮಾಡಿಬಿಡುತ್ತೇನೆ. ಆಮೇಲೆ ಯಾವ ವ್ಯವಸ್ಥೆ ಬೇಕಾದರೂ ಹಾಕಿಕೊಳ್ಳಬಹುದು" ಎಂದ. ನಕಲು ಮಾಡಲು ಮಾತ್ರ ನಾನು ಅವನನ್ನು ಬಿಡಲಿಲ್ಲ, ನಾನೇ ಪಕ್ಕದಲ್ಲಿ ಕುಳಿತು ಒಂದೊಂದಾಗಿ ಮಾಡಿಸಿದೆ. ಅದಕ್ಕೂ ಕಾರಣವಿತ್ತು. ಇದಕ್ಕೂ ಮುಂಚೆ ಮಗಳು ಬಳಸುತ್ತಿದ್ದ ಹಳೆಯ ಗಣಕವನ್ನು ಒಂದು ಅಂಗಡಿಗೆ ಒಯ್ದಿದ್ದೆ. 'ಫಾರ್ಮ್ಯಾಟ್ ಮಾಡೋಣವೇ?' ಎಂದು ಅವರು ಕೇಳಿದಾಗ ಆ ಪದದ ಅರ್ಥ ತಿಳಿಯದೆ ತಲೆಯಾಡಿಸಿದೆ. ಮಗಳ ಮದುವೆಯ ಫೋಟೋಗಳು ಅಳಿಸಿಹೋದವು. ಅವರದೂ ತಪ್ಪು, ತಿಳಿಯದೆ ತಲೆಯಾಡಿಸಿದ ನನ್ನದೂ ತಪ್ಪು. ನನ್ನ ಪತ್ನಿ ಆ ದಿನ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈ ಬಾರಿ ನಕಲು ಸುರಕ್ಷಿತವಾಗಿ ಆಯಿತು. ಅಂದು ರಾತ್ರಿ, ಅದು ನಿಜವಾಗಿಯೂ ಸರಿಯಾಗಿದೆಯೇ ಎಂದು ನೋಡಲು ಒಂದು ಕಡತವನ್ನು ಮೈಸೂರಿನಲ್ಲಿ ಓದುತ್ತಿರುವ ಮೊಮ್ಮಗಳ ಮೊಬೈಲಿಗೆ ಕಳುಹಿಸಿದೆ. ಐದು ನಿಮಿಷದಲ್ಲಿ ಕರೆ ಬಂತು. "ತಾತ, ಅಜ್ಜಿ ಇದನ್ನು ಯಾವ ಭಾಷೆಯಲ್ಲಿ ಬರೆದಿದ್ದಾರೆ?"

ನಾನು ಬೆಚ್ಚಿದೆ. ಅವಳು ತನ್ನ ಪರದೆಯ ಚಿತ್ರ ತೆಗೆದು ಕಳುಹಿಸಿದಳು. ಪುಟದ ತುಂಬ ತಲೆಯ ಮೇಲೆ ಗೀಟುಗಳುಳ್ಳ ರೋಮನ್ ಅಕ್ಷರಗಳು, ನಡುನಡುವೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ, ಅಲ್ಲಲ್ಲಿ 'ಅರ್ಧ' ಎಂಬ ಭಿನ್ನರಾಶಿ. ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ.

ಇದೇಕೆ ಹೀಗಾಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನಿಮ್ಮ ಮನೆಗಳಲ್ಲಿಯೂ ಇಂತಹ ಕಡತಗಳು ಇರುವ ಸಂಭವ ಬಹಳ. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಇಂಗ್ಲಿಷಿನ 'ಪಿ' ಎಂಬ ದೊಡ್ಡಕ್ಷರಕ್ಕೆ 80 ಎಂಬ ಸಂಖ್ಯೆ. ಕನ್ನಡಕ್ಕೆ ಗಣಕದೊಳಗೆ ಸ್ವಂತ ಮನೆಯಿಲ್ಲದ ಕಾಲದಲ್ಲಿ ನಮ್ಮವರು ಒಂದು ಜಾಣ ಉಪಾಯವನ್ನು ಕಂಡುಕೊಂಡರು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟರು. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ 80ನೆಯ ಮನೆಯಲ್ಲಿ 'ಕ'ಕಾರದ ಮೈ ಇರುತ್ತದೆ. ಅದರ ತಲೆಕಟ್ಟು ಬೇರೊಂದು ಮನೆಯಲ್ಲಿ. 'ನ'ಕಾರದ ಮೈ ಇರುವುದು ಪೌಂಡ್ ಚಿಹ್ನೆಯ ಮನೆಯಲ್ಲಿ. ನುಡಿಯ ಅಕ್ಷರಶೈಲಿ ಯಂತ್ರದಲ್ಲಿದ್ದರೆ ಇವೆಲ್ಲ ಕೂಡಿ ಮುತ್ತಿನಂತಹ ಕನ್ನಡವಾಗಿ ಕಾಣುತ್ತವೆ. ಅದು ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಒಡೆಯರು ಹೊರಗೆ ಬಂದು ನಿಲ್ಲುತ್ತಾರೆ. ನನ್ನ ಪತ್ನಿ 'ಕನ್ನಡ' ಎಂದು ಬರೆದ ಕಡೆಯಲ್ಲೆಲ್ಲ ಮೊಮ್ಮಗಳು ಕಂಡದ್ದು 'ಪಿ' ಅಕ್ಷರವನ್ನೂ ಪೌಂಡನ್ನೂ.

ಹಾಗೆಂದು ಆ ಉಪಾಯವನ್ನು ಹಳಿಯುವುದು ಕೃತಘ್ನತೆಯಾದೀತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಅದಾದ ಕೆಲವು ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಇವಿಲ್ಲದಿದ್ದರೆ ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಇನ್ನೆಷ್ಟು ವರ್ಷ ಇಂಗ್ಲಿಷಿಗೆ ಜೋತುಬಿದ್ದಿರುತ್ತಿದ್ದವೋ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ನುಡಿಯ ಬುನಾದಿ. ನನ್ನ ಪತ್ನಿ ಒತ್ತಕ್ಷರಕ್ಕೆಂದು 'ಎಫ್' ಕೀಲಿಯ ಮೇಲೆ ಬೆರಳಿಡುವ ವೇಗವನ್ನು ನೋಡಿದವರು ಅವಳ ಕಣ್ಣು ಪರದೆಯಿಂದ ಕದಲದಿರುವುದನ್ನು ಕಂಡು ಬೆರಗಾಗುತ್ತಿದ್ದರು. ಇತ್ತ ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ವಂತ ಕೇರಿ ದೊರಕಿತ್ತು. ಅಲ್ಲಿ 'ಕ'ಕಾರದ ಸಂಖ್ಯೆ 3221, ಆ ಮನೆಯಲ್ಲಿ ಬೇರೆ ಯಾರೂ ಇಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿಯೂ ಬಂದಿತು. ಮುಂದೆ ನುಡಿ, ಬರಹಗಳೂ ಯೂನಿಕೋಡನ್ನು ಕಲಿತವು. ಕಲಿಯದೆ ಉಳಿದದ್ದು ನಮ್ಮ ಅಭ್ಯಾಸ. ಕಚೇರಿಯಲ್ಲಿ ಬೆರಳಿಗೆ ಕೂಡಿಬಂದ ಹಳೆಯ 'ನುಡಿ 01 ಇ' ಶೈಲಿಯಲ್ಲಿಯೇ ಅವಳು ಮನೆಯಲ್ಲಿಯೂ ಬರೆದಳು. ಕನ್ನಡ ಮೇಷ್ಟರಾದ ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆನೇ ಹೊರತು ಈ ಬಗ್ಗೆ ಒಂದು ಮಾತನ್ನೂ ಹೇಳಲಿಲ್ಲ. ನನಗೂ ತಿಳಿದಿರಲಿಲ್ಲ.

ಮೊಮ್ಮಗಳ ಪ್ರಶ್ನೆಯನ್ನು ಕೇಳಿದ ರಾತ್ರಿ ನನಗೆ ನೆನಪಾದದ್ದು ಗಣಕವಲ್ಲ, ನನ್ನ ಮಾವನವರ ಮನೆಯ ಅಟ್ಟ.

ದೊಡ್ಡಬಳ್ಳಾಪುರ ಮಗ್ಗದ ಊರೆಂಬುದು ನಿಮಗೆ ತಿಳಿದೇ ಇದೆ. ಬೀದಿಯಲ್ಲಿ ನಡೆದರೆ ಕಿವಿಗೆ ಮೊದಲು ತಾಗುವುದು ವಿದ್ಯುತ್ ಮಗ್ಗಗಳ ಸದ್ದು. ಮಾವನವರು ಮನೆಯ ಮುಂಗಟ್ಟಿನಲ್ಲಿ ಒಂದು ಮಗ್ಗವನ್ನಿಟ್ಟುಕೊಂಡಿದ್ದರು. ಅದಕ್ಕಿಂತ ಮುಖ್ಯವಾಗಿ ಅವರು ಜಕಾರ್ಡಿಗೆ ಕಾರ್ಡು ಹೊಡೆಯುವವರು. ಸೀರೆಯ ಅಂಚಿನ, ಸೆರಗಿನ ಚಿತ್ತಾರವನ್ನು ಮಗ್ಗಕ್ಕೆ ತಿಳಿಸುವುದು ತೂತು ಕೊರೆದ ರಟ್ಟಿನ ಕಾರ್ಡುಗಳ ಸರ. ಒಂದು ಹೊಕ್ಕಿಗೆ ಒಂದು ಕಾರ್ಡು. ತೂತಿರುವಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1804ರಲ್ಲಿ ಜೋಸೆಫ್ ಮಾರಿ ಜಕಾರ್ಡ್ ಎಂಬುವರು ರೂಪಿಸಿದ ಯಂತ್ರವಿದು. ಗಣಕದ ಪಿತಾಮಹರೆನಿಸಿದ ಚಾರ್ಲ್ಸ್ ಬ್ಯಾಬೇಜ್ ತಮ್ಮ ಯಂತ್ರದ ಯೋಜನೆಗೆ ಕಾರ್ಡುಗಳನ್ನು ಎರವಲು ಪಡೆದದ್ದು ಈ ಮಗ್ಗದಿಂದಲೇ. ಹೀಗೆ ನೋಡಿದರೆ ನನ್ನ ಮಾವನವರು ನಮ್ಮ ಮನೆಯ ಮೊದಲ ಗಣಕತಂತ್ರಜ್ಞರು. ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಹಂಸದ ಕೊರಳು, ಇನ್ನು ನಾಲ್ಕು ಕಾರ್ಡಿಗೆ ಕೊಕ್ಕು ಬರುತ್ತದೆ" ಎಂದು ಹೇಳಬಲ್ಲವರಾಗಿದ್ದರು.

ಅವರು ತೀರಿಕೊಂಡದ್ದು 1999ರಲ್ಲಿ. 2009ರ ಮಳೆಗಾಲದಲ್ಲಿ ಸೂರು ಸೋರಿ ಹೆಂಚು ಬದಲಿಸುವಾಗ ಅಟ್ಟದ ಮೇಲಿನಿಂದ ಕಾರ್ಡುಗಳ ಕಟ್ಟುಗಳು ಕೆಳಗಿಳಿದವು. ನೂಲಿನಲ್ಲಿ ಪೋಣಿಸಿ, ಗೋಣಿಯಲ್ಲಿ ಸುತ್ತಿ ಜೋಪಾನವಾಗಿ ಇಡಲಾಗಿತ್ತು. ಇಲಿಯೂ ಮುಟ್ಟಿರಲಿಲ್ಲ. ಆದರೆ ಅವು ಯಾವ ಸೀರೆಯ ಚಿತ್ತಾರಗಳೆಂಬುದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನೆರೆಯ ನೇಕಾರರೊಬ್ಬರು ಬಂದು ನೋಡಿ, ಇವು 240 ಕೊಕ್ಕೆಯ ಜಕಾರ್ಡಿನವಲ್ಲ, ಅದಕ್ಕೂ ಹಳೆಯವು, ತಮ್ಮ ಮಗ್ಗಕ್ಕೆ ಕೂಡುವುದಿಲ್ಲ ಎಂದರು. ಈಗಂತೂ ಎಲೆಕ್ಟ್ರಾನಿಕ್ ಜಕಾರ್ಡುಗಳು ಬಂದು, ಚಿತ್ತಾರವನ್ನು ಗಣಕದಲ್ಲಿ ಬಿಡಿಸಿ ಪೆನ್‌ಡ್ರೈವಿನಲ್ಲಿ ಮಗ್ಗಕ್ಕೆ ಕೊಡುತ್ತಾರೆ. ಆ ಕಟ್ಟುಗಳು ಒಂದು ಚಳಿಗಾಲವಿಡೀ ಬಚ್ಚಲ ಒಲೆಗೆ ಹೋದವು. ನನ್ನ ಪತ್ನಿ ಒಂದು ಕಾರ್ಡನ್ನು ಮಾತ್ರ ತೆಗೆದು ಬೈಬಲಿನೊಳಗೆ ಇಟ್ಟುಕೊಂಡಳು. ಅಪ್ಪನ ಕಥೆ ಬರೆಯಬೇಕೆಂಬ ಹಂಬಲ ಅವಳಲ್ಲಿ ಹುಟ್ಟಿದ್ದು ಆಗಲೇ ಇರಬೇಕು.

ಕಟ್ಟುಗಳನ್ನು ಕಾಪಾಡಿದ್ದೆವು, ಓದುವ ಬಗೆಯನ್ನು ಕಾಪಾಡಿರಲಿಲ್ಲ. ನಾನು ಈಗ ಮಾಡಹೊರಟದ್ದೂ ಅದೇ ಆಗಿತ್ತು. ಎರಡು ಪೆನ್‌ಡ್ರೈವುಗಳಲ್ಲಿ, ಗೋಣಿಯಲ್ಲಿ ಸುತ್ತಿದಷ್ಟು ಜೋಪಾನವಾಗಿ, ಯಾರೂ ಓದಲಾಗದ ಕಟ್ಟನ್ನು ಮೊಮ್ಮಗಳ ಕೈಗೆ ಕೊಡುತ್ತಿದ್ದೆ.

ಅಲ್ಲಿಂದ ಮುಂದೆ ಕೆಲಸದ ಕ್ರಮವೇ ತಲೆಕೆಳಗಾಯಿತು. ವ್ಯವಸ್ಥೆಯ ಮಾತನ್ನು ಬದಿಗಿಟ್ಟೆ. ಉಸಿರಾಡಲು ಕಾಲಾವಕಾಶ ಬೇಕೆಂದು ಆ ಒಂದು ವರ್ಷದ ಹೆಚ್ಚುವರಿ ಸೇವೆಗೆ ಹೆಸರು ನೋಂದಾಯಿಸಿದೆ. ಗಣಕದಲ್ಲಿ ನುಡಿಯ ಅಕ್ಷರಶೈಲಿ ಇನ್ನೂ ಜೀವಂತವಾಗಿರುವಾಗಲೇ ಎಲ್ಲ ಪುಟಗಳನ್ನು ಕಾಗದದ ಮೇಲೆ ಮುದ್ರಿಸಿಕೊಂಡೆ. ನೂರ ನಲವತ್ತೆರಡು ಪುಟಗಳಾದವು. ಅಕ್ಷರಶೈಲಿಯ ಕಡತವನ್ನೂ ಪೆನ್‌ಡ್ರೈವುಗಳಿಗೆ ಸೇರಿಸಿದೆ. ಅನಂತರ ಹಳೆಯ ಸಂಕೇತದಿಂದ ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕದಿಂದ ಒಂದೊಂದೇ ಅಧ್ಯಾಯವನ್ನು ಬದಲಿಸತೊಡಗಿದೆ.

ಪರಿವರ್ತಕವು ಶೀಘ್ರವಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಅದಕ್ಕೆ ಅರ್ಥ ತಿಳಿಯದು. ಅರ್ಕಾವತ್ತು ಇರುವ ಪದಗಳಲ್ಲಿ ಕೆಲವು ಕಡೆ ಎಡವಿತು. ಅಂಕಿಗಳ ನಡುವೆ ಅಕ್ಷರಗಳು ನುಸುಳಿದವು. ಅವಳು ಒಂದೆಡೆ 'ಜಕಾರ್ಡ್' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು. ಪರಿವರ್ತಕವು ಅದನ್ನೂ ನುಡಿಯ ತುಂಡುಗಳೆಂದೇ ಭಾವಿಸಿ, 'ಎ'ಕಾರದಿಂದ ಆರಂಭವಾಗುವ, ಯಾವ ನಿಘಂಟಿನಲ್ಲಿಯೂ ಇಲ್ಲದ ಒಂದು ಶಬ್ದವನ್ನು ಸೃಷ್ಟಿಸಿತು. ಹೀಗಾಗಿ ಪ್ರತಿಯೊಂದು ಸಾಲನ್ನೂ ಕಣ್ಣಿಟ್ಟು ನೋಡಲೇಬೇಕಾಗಿತ್ತು. ರಾತ್ರಿ ಎಂಟೂವರೆಗೆ ಮೊಮ್ಮಗಳು ಮೈಸೂರಿನಿಂದ ಕರೆ ಮಾಡಿ ಹೊಸ ಕಡತವನ್ನು ಗಟ್ಟಿಯಾಗಿ ಓದುವುದು, ನಾನು ಮುದ್ರಿತ ಹಾಳೆಯ ಮೇಲೆ ಬೆರಳಿಟ್ಟು ಹೋಲಿಸುವುದು, ಹೀಗೆ ನಮ್ಮ ಒಪ್ಪಂದ. ದಿನಕ್ಕೆ ಮೂರು ಪುಟ, ಹೆಚ್ಚೆಂದರೆ ನಾಲ್ಕು. ಅವಳ ಪರೀಕ್ಷೆಯ ದಿನಗಳಲ್ಲಿ ಅದೂ ಇಲ್ಲ.

ಈ ಮಾತು ಗುರುಗಳ ಕಿವಿಗೂ ಬಿದ್ದು, ಒಂದು ಭಾನುವಾರ ಪೂಜೆಯ ನಂತರ ಧರ್ಮಕೇಂದ್ರದ ಕಚೇರಿಯ ಗಣಕವನ್ನೂ ತೆರೆದು ನೋಡಿದೆವು. ಗಾನವೃಂದದವರು ಹತ್ತು ಹದಿನೈದು ವರ್ಷಗಳಿಂದ ಬೆರಳಚ್ಚು ಮಾಡಿಟ್ಟ ಗೀತೆಗಳು, ಕುಟುಂಬಗಳ ಪಟ್ಟಿ, ಸಮಾಧಿಭೂಮಿಯ ಹೆಸರುಗಳು, ಎಲ್ಲವೂ ಬಾಡಿಗೆ ಮನೆಗಳಲ್ಲಿಯೇ ಇದ್ದವು. ಯುವಜನರು ಅವನ್ನು ಹಂಚಿಕೊಂಡಿದ್ದಾರೆ. ನಿಮ್ಮ ಮನೆಯಲ್ಲಿರುವ ಹಳೆಯ ಕಡತವು ಯಾವ ಬಗೆಯದೆಂದು ತಿಳಿಯಲು ತಜ್ಞರೇನೂ ಬೇಡ. ಅದರ ಒಂದು ಸಾಲನ್ನು ನಕಲಿಸಿ ಮೊಬೈಲಿನ ಸಂದೇಶವಾಗಿ ಯಾರಿಗಾದರೂ ಕಳುಹಿಸಿ. ಕನ್ನಡವಾಗಿಯೇ ತಲುಪಿದರೆ ನೆಮ್ಮದಿಯಾಗಿರಿ. ಪೌಂಡಿನ ಚಿಹ್ನೆ ತಲುಪಿದರೆ, ಹೊಸ ಗಣಕದ ಅಂಗಡಿಗೆ ಹೋಗುವ ಮುನ್ನ ಮುದ್ರಿಸಿಕೊಳ್ಳಿ.

ಇನ್ನು ವ್ಯವಸ್ಥೆಯ ತೀರ್ಮಾನ. ಇದನ್ನು ಓದುತ್ತಿರುವ ನೀವು ಅದನ್ನೇ ತಿಳಿಯಲು ಕಾದಿರಬಹುದು. ನಾನು ಹೊಸ ಗಣಕ ಕೊಳ್ಳಲಿಲ್ಲ. ಮೂಲ ಕಡತಗಳ ಪ್ರತಿಗಳು ಮೂರು ಕಡೆ ಭದ್ರವಾದ ಮೇಲೆ, ವಿದ್ಯಾರ್ಥಿಯನ್ನು ಕರೆಸಿ ಅದೇ ಯಂತ್ರಕ್ಕೆ ಲಿನಕ್ಸ್ ಹಾಕಿಸಿದೆ. ಕೇರಳದ ಸರಕಾರಿ ಶಾಲೆಗಳಲ್ಲಿ, ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಸೇರಿದಂತೆ, ವರ್ಷಗಳಿಂದ ಇದನ್ನೇ ಬಳಸುತ್ತಾರೆಂದು ಅವನು ಧೈರ್ಯ ಹೇಳಿದ್ದ. ನನ್ನ ಆತಂಕ ಕೀಲಿಮಣೆಯದಾಗಿತ್ತು. ಅದರ ಪಟ್ಟಿಯಲ್ಲಿ ಕನ್ನಡದ ಕೆಳಗೆ 'ಕಗಪ' ಎಂಬ ಆಯ್ಕೆಯನ್ನು ಕಂಡಾಗ ಊರಿನವರೊಬ್ಬರು ಪರದೇಶದಲ್ಲಿ ಸಿಕ್ಕಿದಂತಾಯಿತು. ಕನ್ನಡ ಗಣಕ ಪರಿಷತ್ತಿನ ಅದೇ ವಿನ್ಯಾಸ, ಆದರೆ ಮೂಡುವುದು ಯೂನಿಕೋಡಿನಲ್ಲಿ. ಪತ್ನಿಯ ಬೆರಳು ಹರಿದಾಡಿದ ಅದೇ ಕೀಲಿಗಳು. ಕೆಲವು ತೊಂದರೆಗಳು ಇವೆ. ಮುದ್ರಣಯಂತ್ರ ಮೊದಲ ವಾರ ಮುನಿಸಿಕೊಂಡಿತ್ತು, ಕಡತಗಳನ್ನು ಉಳಿಸಿದ ಜಾಗವನ್ನು ಹುಡುಕುವುದಕ್ಕೆ ಇನ್ನೂ ತಡಕಾಡುತ್ತೇನೆ. ವ್ಯಾಪಾರ ವ್ಯವಹಾರದವರಿಗೆ, ತೆರಿಗೆಯ ಲೆಕ್ಕಕ್ಕೆ ವಿಂಡೋಸಿನ ತಂತ್ರಾಂಶಗಳೇ ಬೇಕಾದವರಿಗೆ ನನ್ನ ದಾರಿ ಹೊಂದಲಾರದು. ಅವರು ಹೊಸ ಯಂತ್ರವನ್ನು ಕೊಳ್ಳುವುದೇ ಲೇಸು.

ಒಂದು ಸಂಗತಿ ಹೇಳುವುದು ಉಳಿಯಿತು. ತೊಂಬತ್ತೊಂದನೆಯ ಪುಟವನ್ನು ಓದುತ್ತಿದ್ದ ಮೊಮ್ಮಗಳು ಥಟ್ಟನೆ ನಿಂತಳು. "ತಾತ, ಇಲ್ಲಿ ಕಂಸದೊಳಗೆ ಏನೋ ಇದೆ. ಪರಿವರ್ತಕದ ತಪ್ಪಿರಬೇಕು" ಎಂದಳು. ನಾನು ಹಾಳೆಯನ್ನು ನೋಡಿದೆ. ತಪ್ಪಾಗಿರಲಿಲ್ಲ. ಅಪ್ಪ ಮಗ್ಗವನ್ನು ಮಾರಿದ ಪ್ರಸಂಗವನ್ನು ಬರೆಯುತ್ತ, ಇಸವಿಯ ಜಾಗವನ್ನು ಖಾಲಿ ಬಿಟ್ಟು, ಕಂಸದೊಳಗೆ ಅವಳು ತನಗಾಗಿ ಒಂದು ಟಿಪ್ಪಣಿ ಇಟ್ಟುಕೊಂಡಿದ್ದಳು: 'ಇವರನ್ನು ಕೇಳಬೇಕು.'

ನನಗೆ ಗೊತ್ತಿತ್ತು. ಆ ದಿನ ಮಾವನವರ ಜೊತೆಗೆ ಇದ್ದದ್ದು ನಾನೊಬ್ಬನೇ. ಮಗ್ಗವನ್ನು ಬಿಚ್ಚಿ ಎತ್ತಿನ ಗಾಡಿಗೆ ಏರಿಸುವಾಗ ಒಂದು ಬದಿಗೆ ನಾನೇ ಹೆಗಲು ಕೊಟ್ಟಿದ್ದೆ. ಗಾಡಿ ಹೊರಟ ಮೇಲೆ ಅವರು ಮುಂಗಟ್ಟಿನ ನೆಲದಲ್ಲಿ ಮಗ್ಗದ ಕಾಲುಗಳು ಮೂಡಿಸಿದ್ದ ಕುಳಿಗಳಿಗೆ ನೀರು ಚಿಮುಕಿಸಿ ಮಣ್ಣು ತುಂಬಿದರು. ಅವಳು ಕೇಳಿದ್ದರೆ ಇದನ್ನೆಲ್ಲ ಹೇಳುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿಯೇ ಕುಳಿತಿದ್ದೆ.

ಮೊಮ್ಮಗಳಿಗೆ ನಾಳೆ ಮುಂದುವರಿಸೋಣವೆಂದು ಹೇಳಿ ಕರೆ ಮುಗಿಸಿದೆ. ಹೊಸ ಕಡತವನ್ನು ತೆರೆದು, ಕಂಸವನ್ನು ಅಳಿಸದೆ ಹಾಗೆಯೇ ಬಿಟ್ಟು, ಅದರ ಮುಂದೆ 1987 ಎಂದು ಬರೆದೆ. ನೆಲಕ್ಕೆ ಮಣ್ಣು ತುಂಬಿದ ಮಾತನ್ನು ಸೇರಿಸಲು ಇನ್ನೊಂದು ಗಂಟೆ ಹಿಡಿಯಿತು. ಒತ್ತಕ್ಷರ ಬಂದಾಗಲೆಲ್ಲ ನನ್ನ ಬೆರಳು 'ಎಫ್' ಕೀಲಿಯನ್ನು ಹುಡುಕುತ್ತಿತ್ತು.